ತಾಮ್ರದ ತಂತಿಯಲ್ಲಿ ಕೊಂಡೊ ಪರಿಣಾಮವನ್ನು ಅಳೆದು ಖಚಿತಪಡಿಸಿಕೊಳ್ಳುವ ಬಗೆ

ಲೋಹವನ್ನು ತಣಿಸುತ್ತ ಹೋದರೆ ಅದರ ವಿದ್ಯುತ್ ರೋಧ ಇಳಿದು ಒಂದು ಮಟ್ಟದಲ್ಲಿ ನಿಲ್ಲಬೇಕು. ಆದರೆ 1934ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಚಿನ್ನವನ್ನು ಅಳೆದವರಿಗೆ ರೋಧ ಕನಿಷ್ಠಕ್ಕೆ ಇಳಿದು ಮತ್ತೆ ಏರುವುದು ಕಂಡಿತು. 1964ರಲ್ಲಿ ಜಪಾನಿನ ಭೌತವಿಜ್ಞಾನಿ ಜುನ್ ಕೊಂಡೊ ಇದಕ್ಕೆ ಕಾರಣ ಕೊಟ್ಟರು; ಈ ಏರಿಕೆಯನ್ನೇ ಕೊಂಡೊ ಪರಿಣಾಮ ಎನ್ನುವುದು. ಬೆರಕೆಯಾಗಿರುವ ಕಬ್ಬಿಣದಂತಹ ಕಾಂತೀಯ ಪರಮಾಣುವಿಗೆ ಬಡಿದ ವಹನ ಎಲೆಕ್ಟ್ರಾನು (ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರಾನು) ಅದರೊಡನೆ ಸ್ಪಿನ್ನನ್ನು, ಅಂದರೆ ಪುಟ್ಟ ಕಾಂತದಂತೆ ವರ್ತಿಸುವ ಗುಣವನ್ನು, ಅದಲುಬದಲು ಮಾಡಿಕೊಳ್ಳಬಲ್ಲದು. ಪರಮಾಣುವಿನ ಸ್ಪಿನ್ ಹೀಗೆ ಹಿಂದಿನ ಬಡಿತದ ಗುರುತನ್ನು ಉಳಿಸಿಕೊಳ್ಳುವುದರಿಂದ, ಉಷ್ಣತೆ ಇಳಿದಷ್ಟೂ ಎಲೆಕ್ಟ್ರಾನುಗಳ ಚದುರುವಿಕೆ ಲಾಗರಿದಮ್ ನಿಯಮದಂತೆ ಹೆಚ್ಚುತ್ತದೆ.

ಮೊದಲ ಪ್ರಯೋಗಕ್ಕೆ 0.01 ಶೇಕಡ ಕಬ್ಬಿಣ ಬೆರೆತ, 0.1 ಮಿಲಿಮೀಟರ್ ವ್ಯಾಸದ, 1 ಮೀಟರ್ ಉದ್ದದ ತಾಮ್ರದ ತಂತಿಯನ್ನು ಆರಿಸಿಕೊಳ್ಳಿ. ತೆಳುಪದರ ಬೇಡ, ಏಕೆಂದರೆ ಅದರಲ್ಲಿ ಕಾಂತೀಯ ಬೆರಕೆಯಿಲ್ಲದೆಯೂ ಇದೇ ಬಗೆಯ ಏರಿಕೆ ಬರಬಹುದು. ತಂತಿಯನ್ನು ಕಾಯಿಸಿ ಹದಗೊಳಿಸುವ ಕೆಲಸ ಒಳ್ಳೆಯ ನಿರ್ವಾತದಲ್ಲೇ ನಡೆಯಲಿ. ಆಮ್ಲಜನಕ ಸ್ವಲ್ಪ ಸೇರಿದರೂ ಕಬ್ಬಿಣವು ತಾಮ್ರದೊಳಗೇ ಆಕ್ಸೈಡಾಗಿ ಪರಿಣಾಮವೇ ಮಾಯವಾಗಬಹುದು.

ಕೋಣೆಯ ಉಷ್ಣತೆಯಲ್ಲಿ ಈ ತಂತಿಯ ರೋಧ ಸುಮಾರು 2 ಓಮ್. ತಣಿದಾಗ ಅದು 0.1 ಓಮ್‌ನ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಜೋಡಣೆಯ ತಂತಿಗಳ ರೋಧ ಅಳತೆಯಲ್ಲಿ ಸೇರದಂತೆ ಪ್ರವಾಹಕ್ಕೆ ಎರಡು, ವೋಲ್ಟೇಜಿಗೆ ಬೇರೆಯೇ ಎರಡು ತಂತಿಗಳನ್ನು ಜೋಡಿಸುವುದು ಅನಿವಾರ್ಯ. 10 ಮಿಲಿಆಂಪಿಯರ್ ಹರಿಸಿದರೆ ಸಿಗುವುದು 1 ಮಿಲಿವೋಲ್ಟ್ ಮಾತ್ರ, ಏರಿಕೆ ಅದರಲ್ಲೂ ಒಂದು ಸಣ್ಣ ಪಾಲು. ಬಿಸಿ ತುದಿಗೂ ತಣ್ಣನೆಯ ತುದಿಗೂ ನಡುವೆ ಹುಟ್ಟುವ ಉಷ್ಣವಿದ್ಯುತ್ ವೋಲ್ಟೇಜ್ ಅದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಪ್ರತಿ ಉಷ್ಣತೆಯಲ್ಲೂ ಪ್ರವಾಹದ ದಿಕ್ಕನ್ನು ತಿರುಗಿಸಿ ಎರಡು ಬಾರಿ ಅಳೆದು, ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಿ. ಈ ಒಂದು ಶಿಸ್ತನ್ನು ಬಿಟ್ಟ ಅಳತೆಯನ್ನು ನಾನು ನಂಬುವುದಿಲ್ಲ.

ಕನಿಷ್ಠ ಕಂಡಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ. ಕಬ್ಬಿಣದ ಪ್ರಮಾಣವನ್ನು ದುಪ್ಪಟ್ಟು ಮಾಡಿ ಮತ್ತೆ ಅಳೆಯಿರಿ: ಲಾಗರಿದಮ್ ಏರಿಕೆಯೂ ದುಪ್ಪಟ್ಟಾಗಬೇಕು, ಆದರೆ ಕನಿಷ್ಠದ ಉಷ್ಣತೆ ಪ್ರಮಾಣದ ಐದನೇ ಮೂಲದಂತೆ ಹೆಚ್ಚುವುದರಿಂದ ಸುಮಾರು 15 ಶೇಕಡದಷ್ಟೇ ಸರಿಯಬೇಕು. ಕಾಂತಕ್ಷೇತ್ರವು ಸ್ಪಿನ್ನುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿ ಏರಿಕೆಯನ್ನು ಕುಗ್ಗಿಸುತ್ತದೆಯಾದರೂ, ತಾಮ್ರ-ಕಬ್ಬಿಣದ ಕೊಂಡೊ ಉಷ್ಣತೆ (ಎಲೆಕ್ಟ್ರಾನುಗಳು ಕಬ್ಬಿಣದ ಸ್ಪಿನ್ನನ್ನು ಮರೆಮಾಡತೊಡಗುವ ಉಷ್ಣತೆ) ಸುಮಾರು 30 ಕೆಲ್ವಿನ್‌ನಷ್ಟು ಎತ್ತರದಲ್ಲಿರುವ ಕಾರಣ ಕೆಲವು ಟೆಸ್ಲಾಗಳ ಕ್ಷೇತ್ರ ಇಲ್ಲಿ ಹೆಚ್ಚೇನೂ ಮಾಡದು. ಪ್ರಮಾಣದ ಪರೀಕ್ಷೆಯೇ ಮೇಲು.

ನಕ್ಷೆಯನ್ನು ಉಷ್ಣತೆಯ ಲಾಗರಿದಮ್‌ಗೆ ಎದುರಾಗಿ ಬಿಡಿಸುವಾಗ, ಶುದ್ಧ ತಾಮ್ರದ ತಂತಿಯ ರೋಧವನ್ನು ಮೊದಲೇ ಕಳೆಯಿರಿ. ಸರಳರೇಖೆ ಕೆಳತುದಿಯವರೆಗೂ ಸಾಗುವುದಿಲ್ಲ. ಕೊಂಡೊ ಉಷ್ಣತೆಗಿಂತ ಬಹಳ ಕೆಳಗೆ ಎಲೆಕ್ಟ್ರಾನುಗಳೆಲ್ಲ ಕೂಡಿ ಕಬ್ಬಿಣದ ಸ್ಪಿನ್ನನ್ನು ಮರೆಮಾಡುತ್ತವೆ, ರೋಧ ಮೇಲ್ಮಟ್ಟದಲ್ಲಿ ತಂಗುತ್ತದೆ. ಅಮೆರಿಕದ ಭೌತವಿಜ್ಞಾನಿ ಕೆನೆತ್ ವಿಲ್ಸನ್ 1975ರಲ್ಲಿ ಲೆಕ್ಕಹಾಕಿ ತೋರಿಸಿದ್ದು ಇದನ್ನೇ. ಆದ್ದರಿಂದ ಇಳಿಜಾರನ್ನು ನಕ್ಷೆಯ ನಡುಭಾಗದಿಂದ ಮಾತ್ರ ಅಳೆದು, ಕೆಳತುದಿಯ ಬಿಂದುಗಳಿಗೆ ಉಷ್ಣತೆಯ ವರ್ಗಕ್ಕೆ ಅನುಗುಣವಾಗಿ ರೋಧ ತಗ್ಗುವ ಸೂತ್ರವನ್ನು ಬೇರೆಯಾಗಿ ಹೊಂದಿಸಬೇಕು.