ಮಧ್ಯಾಹ್ನದ ಕರೆಂಟು ಸಂಜೆಗೆ: ಮನೆ ಬ್ಯಾಟರಿ, ಕಾರಿನ ಬ್ಯಾಟರಿ ಬಳಸುವ ಬಗೆ

ಕನ್ನಂಬಾಡಿಯಲ್ಲಿ 124.80 ಅಡಿ ನೀರು ನಿಂತರೆ ಮಂಡ್ಯದ ಗದ್ದೆಗೆ ಬೇಸಿಗೆಯ ಚಿಂತೆ ಕಡಿಮೆ. ಕರೆಂಟನ್ನು ಕೂಡಿಡಲು ಅಷ್ಟು ದೊಡ್ಡ ಕಟ್ಟೆಯಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಾಗಿನಿಂದಲೂ ನಿಯಮ ಒಂದೇ: ತಯಾರಾದ ಕ್ಷಣವೇ ಖರ್ಚಾಗಬೇಕು. ಮಧ್ಯಾಹ್ನ ಸೋಲಾರ್ ಉಕ್ಕುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಲ್ಲವಾಗುತ್ತದೆ. ಆ ಅಂತರ ತುಂಬುವುದರಲ್ಲಿ ಮೈಸೂರಿನ ಒಂದು ಮನೆಗೂ ಪಾಲಿದೆ.

ಮೊದಲು ಸಂಜೆ 6ರಿಂದ 10ರವರೆಗಿನ ಲೆಕ್ಕ ಬರೆಯಿರಿ. 75 ವ್ಯಾಟ್‌ನ ಮೂರು ಫ್ಯಾನು, 9 ವ್ಯಾಟ್‌ನ ಆರು ಬಲ್ಬು, ಒಂದು ಟಿ.ವಿ., ಫ್ರಿಜ್ಜು: ಒಟ್ಟು ಸುಮಾರು 1.6 ಯೂನಿಟ್. 12 ವೋಲ್ಟ್, 150 ಎ.ಎಚ್. (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ಸೀಸ-ಆಮ್ಲದ ಬ್ಯಾಟರಿಯ ಲೆಕ್ಕ 1.8 ಯೂನಿಟ್ ಬಂದರೂ ಅರ್ಧಕ್ಕಿಂತ ಹೆಚ್ಚು ಹೀರಿದರೆ ಆಯಸ್ಸು ಕುಗ್ಗುತ್ತದೆ. ದಿನವೂ ತುಂಬಿ ಖಾಲಿ ಮಾಡುವ ಕೆಲಸಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಸರಿ. 25.6 ವೋಲ್ಟ್, 100 ಎ.ಎಚ್. ಎಂದರೆ 2.56 ಯೂನಿಟ್. ಶೇ 80 ಬಳಸಿ, ಇನ್ವರ್ಟರ್ ತಿನ್ನುವುದನ್ನು ಕಳೆದರೂ 1.8 ಕೈಗೆ ಸಿಗುತ್ತದೆ. ಸಂಪಿನ ಮೋಟಾರನ್ನು ಇದಕ್ಕೆ ಹಾಕಬೇಡಿ. ಸ್ಟಾರ್ಟ್ ಆಗುವಾಗ ಹಲವು ಪಟ್ಟು ಕರೆಂಟು ಎಳೆದು ಇನ್ವರ್ಟರ್ ಟ್ರಿಪ್ ಮಾಡಿಸುತ್ತದೆ. ಮಧ್ಯಾಹ್ನವೇ ಟ್ಯಾಂಕ್ ತುಂಬಿಸಿ.

ಜೋಡಣೆಯಲ್ಲಿ ಕೆಡುವುದೇ ಹೆಚ್ಚು. 1.5 ಕಿಲೋವ್ಯಾಟ್ ಎಳೆದರೆ ಬ್ಯಾಟರಿ ವೈರಿನಲ್ಲಿ 60 ಆಂಪಿಯರಿಗೂ ಮೇಲೆ ಹರಿಯುತ್ತದೆ. ಹಾಗಾಗಿ 25 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿ, ಪಾಸಿಟಿವ್ ತುದಿಯ ಪಕ್ಕದಲ್ಲೇ 100 ಆಂಪಿಯರ್ ಡಿ.ಸಿ. ಫ್ಯೂಸ್ ಇರಲಿ. ಮನೆಯ ಬೋರ್ಡಿನ ಎ.ಸಿ. ಎಂ.ಸಿ.ಬಿ. (ತಾನೇ ಕಡಿಯುವ ಸ್ವಿಚ್) ಇಲ್ಲಿ ಬೇಡ, ಡಿ.ಸಿ. ಕಿಡಿ ಅದರಲ್ಲಿ ಆರದು. ಕೇಬಲ್ ತುದಿಯ ಲೋಹದ ಕೊಂಡಿ (ಲಗ್) ಸಡಿಲವಿದ್ದರೆ ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಅದರ ಬುಡದ ಪ್ಲಾಸ್ಟಿಕ್ ಕಂದಾಗಿ ಸುಟ್ಟ ವಾಸನೆ ಬರುತ್ತದೆ. ಇನ್ವರ್ಟರನ್ನು ಲಿಥಿಯಂ ಸೆಟ್ಟಿಂಗಿಗೆ ಬದಲಿಸಿ, ಚಾರ್ಜ್ 28.4 ವೋಲ್ಟಿಗೆ ನಿಲ್ಲಲಿ. ಹಳೆಯ ಟ್ಯೂಬುಲರ್ ಸೆಟ್ಟಿಂಗ್ ಹಾಗೇ ಬಿಟ್ಟರೆ ವೋಲ್ಟೇಜ್ 29.2 ದಾಟಿ ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್ (ಬಿ.ಎಂ.ಎಸ್.) ಸಂಪರ್ಕ ಕಡಿದುಕೊಳ್ಳುತ್ತದೆ. ಬ್ಯಾಟರಿ ಸತ್ತಿತೆಂದು ಹೊತ್ತು ತರುವವರು ಬಹಳ.

ಕಾರಿರುವವರು ಪೈಸೆ ಖರ್ಚಿಲ್ಲದೆ ಮಾಡಬಹುದಾದದ್ದು ಚಾರ್ಜಿಂಗ್ ಹೊತ್ತಿನ ಬದಲಾವಣೆ. ದಿನಕ್ಕೆ 40 ಕಿ.ಮೀ. ಓಡಿದರೆ ಸುಮಾರು 6 ಯೂನಿಟ್ ಬೇಕು. 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 1 ಗಂಟೆಗೆ ಟೈಮರ್ ಇಟ್ಟರೆ ಮುಗಿಯಿತು. ಸಂಜೆ ಏಳಕ್ಕೆ ಬಂದವರೇ ಪ್ಲಗ್ ಚುಚ್ಚುವುದು ಗ್ರಿಡ್ಡಿಗೆ (ವಿದ್ಯುತ್ ಜಾಲಕ್ಕೆ) ಭಾರವಾದ ಹೊತ್ತಿನಲ್ಲಿ.

ಕೆಲವು ಕಾರುಗಳು ಹೊರಗಿನ ಸಾಧನಗಳಿಗೆ 3.3 ಕಿಲೋವ್ಯಾಟ್‌ವರೆಗೆ ಕೊಡುತ್ತವೆ. 30 ಯೂನಿಟ್ ಬ್ಯಾಟರಿಯಿಂದ ಸಂಜೆಗೆ 4 ಯೂನಿಟ್ ತೆಗೆದರೂ ಶೇ 13ರಷ್ಟೇ ಇಳಿಯುತ್ತದೆ. ಗ್ರಿಡ್ಡಿಗೇ ಮರಳಿಸಲು ಮಾತ್ರ ಎರಡೂ ದಿಕ್ಕಿನ ಚಾರ್ಜರ್, ಅದನ್ನು ಒಪ್ಪುವ ಕಾರು, ಮೈಸೂರಿಗೆ ವಿದ್ಯುತ್ ಕೊಡುವ ಸೆಸ್ಕ್ ಕಂಪನಿಯ ಅನುಮತಿ ಮೂರೂ ಬೇಕು, ಗ್ರಿಡ್ಡಿನ 50 ಹರ್ಟ್ಸ್ ತಾಳಕ್ಕೆ ಹೆಜ್ಜೆ ಕೂಡಬೇಕು. ಅಂಥ 10 ಲಕ್ಷ ಕಾರುಗಳು ಒಟ್ಟಿಗೆ ಕೊಟ್ಟರೆ 3,300 ಮೆಗಾವ್ಯಾಟ್. ಇದಕ್ಕಾಗಿ ಶ್ರಮಿಸುವುದು ಸಾರ್ಥಕ.

ಎರಡೂ ತುದಿಯಲ್ಲಿ ಪಿನ್ ಇರುವ ವೈರು ಮಾಡಿ ಕಾರಿನಿಂದ ಗೋಡೆಯ ಸಾಕೆಟ್ಟಿಗೆ ಎಂದೂ ಚುಚ್ಚಬೇಡಿ. ಕರೆಂಟು ಹೋದಾಗ ಅದು ಮೀಟರ್ ದಾಟಿ ಬೀದಿಯ ತಂತಿಗೆ ಏರುತ್ತದೆ, ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ. ಗ್ರಿಡ್ಡಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದೊಡನೆ ತಾನೇ ನಿಲ್ಲುವುದೂ ಇದೇ ಕಾರಣಕ್ಕೆ. ಕಾರಿನ ಕರೆಂಟನ್ನು ಮನೆಗೆ ಕೊಡಬೇಕಿದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಹಾಕಿಸಿ. ಕಾರಿನ ನ್ಯೂಟ್ರಲ್ ಭೂಮಿಗೆ ಸೇರಿಲ್ಲದಿದ್ದರೆ ಮನೆಯ 30 ಮಿಲಿಆಂಪಿಯರ್ ಆರ್.ಸಿ.ಸಿ.ಬಿ. (ಶಾಕ್ ತಡೆಯಲು ಕರೆಂಟು ಕಡಿಯುವ ಸ್ವಿಚ್) ಸೋರಿಕೆ ಹಿಡಿಯದೇ ಹೋಗಬಹುದು, ಅದನ್ನೂ ಅವರಿಂದಲೇ ಅಳೆಸಿಕೊಳ್ಳಿ.