ಟಕ್ ಅಂದರೆ ಅಂಟಿತು

ಅಯಸ್ಕಾಂತದಿಂದ ಅಂಟುವ ಆಟದ ಟೈಲ್ಸ್ ಡಬ್ಬ ಮನೆಗೆ ಬಂದ ದಿನ ಆಡಿದ್ದು ಮಕ್ಕಳಲ್ಲ, ನಾನು. ರಾತ್ರಿ ಊಟ ಆದ ಮೇಲೆ ನೆಲದ ಮೇಲೆ ಕೂತವಳು ಹನ್ನೊಂದು ಗಂಟೆಗೆ ಎದ್ದೆ. ನಾಲ್ಕು ಗೋಪುರದ ಕೋಟೆ ಕಟ್ಟಿದ್ದೆ. ಫೋಟೋ ತೆಗೆದೆ. ಬೆಳಿಗ್ಗೆ ಮಕ್ಕಳಿಗೆ ಅದನ್ನೇ ತೋರಿಸಿದೆ. ನಾನು ಮಾಡಿದ ಮೊದಲ ತಪ್ಪು ಅದು.

ಮೈಸೂರಿನಲ್ಲಿ ನಮ್ಮ ಮನೆಯ ಮುಂದಿನ ಹಾಲ್‌ನಲ್ಲೇ ಒಂದು ಪುಟ್ಟ ಶಿಶುವಿಹಾರ ನಡೆಸುತ್ತೇನೆ. 3ರಿಂದ 6 ವರ್ಷದ 12 ಮಕ್ಕಳು. ಆ ಕೋಟೆ ನೋಡಿದ ಮೇಲೆ ಒಂದು ವಾರ ಒಂದೇ ಮಾತು: "ಮಿಸ್, ನೀವೇ ಮಾಡಿ." ನಾನು ಕಟ್ಟಬೇಕು, ಅವರು ಒದ್ದು ಬೀಳಿಸಬೇಕು. ಬೀಳಿಸುವುದೂ ಆಟವೇ, ಬೇಡ ಅನ್ನುವುದಿಲ್ಲ. ಆದರೆ ಯಾರೂ ಕಟ್ಟುತ್ತಿರಲಿಲ್ಲ. ನನ್ನ ಕೋಟೆಯಷ್ಟು ಚೆಂದ ತಮಗೆ ಬರಲ್ಲ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಡಬ್ಬದ ಮೇಲಿನ ಬಣ್ಣದ ಚಿತ್ರದಿಂದಲೂ ಅದೇ ಕಾಟ. ಡಬ್ಬವನ್ನೇ ಅಟ್ಟಕ್ಕೆ ಹಾಕಿದೆ. ಟೈಲ್ಸ್ ಒಂದು ಬಿದಿರಿನ ಮಂಕರಿಗೆ ಬಂತು. ಆಮೇಲೆ ಮಾದರಿ ತೋರಿಸುವುದನ್ನು ಬಿಟ್ಟೆ. ಪಕ್ಕದಲ್ಲಿ ಸುಮ್ನೆ ಕೂತು ನಾನೂ ಏನೋ ಒಂದು ಸಣ್ಣದು, ಸೊಟ್ಟದ್ದು ಮಾಡುತ್ತಿದ್ದೆ. ನಾಲ್ಕನೇ ದಿನಕ್ಕೆ ಕೆಲಸ ಶುರುವಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವು ಅಂಗೈ ಅಗಲದ, ಒಳಗೆ ಬೆಳಕು ಹಾಯುವ ಪ್ಲಾಸ್ಟಿಕ್ ಬಿಲ್ಲೆಗಳು. ಚೌಕದ ಒಂದು ಬದಿ ಸುಮಾರು ಏಳೂವರೆ ಸೆಂಟಿಮೀಟರ್. ಪ್ರತಿ ಬದಿಯ ಅಂಚಿನೊಳಗೆ ಸಣ್ಣ ಅಯಸ್ಕಾಂತ ಇರುತ್ತದೆ. ಒಂದರ ಹತ್ತಿರ ಇನ್ನೊಂದು ತಂದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ಇದರ ಹೆಸರೇ "ಟಕ್ ಆಟ".

ಯಾವ ಕಡೆ ತಿರುಗಿಸಿ ಹಿಡಿದರೂ ಅಂಟುತ್ತದಲ್ಲ, ಅದು ಹೇಗೆ? ಎರಡು ಅಯಸ್ಕಾಂತ ಒಂದೇ ಧ್ರುವ ಎದುರಾದರೆ ದೂರ ನೂಕಬೇಕು ತಾನೆ? ಈ ಪ್ರಶ್ನೆ ಮಕ್ಕಳದ್ದಲ್ಲ, ನಮ್ಮ ಯಜಮಾನರದ್ದು. ನಮ್ಮ ಹತ್ತಿರ ಇರುವ ಟೈಲ್ಸ್‌ನಲ್ಲಿ ಅಯಸ್ಕಾಂತವನ್ನು ಗಟ್ಟಿಯಾಗಿ ಕೂರಿಸಿಲ್ಲ. ತನ್ನ ಗೂಡಿನೊಳಗೆ ಅದು ಉರುಳಬಲ್ಲದು. ಎದುರಿನದು ಹತ್ತಿರ ಬಂದ ಕೂಡಲೇ ತಾನೇ ತಿರುಗಿ ಸೆಳೆಯುವ ಮುಖ ಒಡ್ಡುತ್ತದೆ. ಕಿವಿ ಹತ್ತಿರ ಹಿಡಿದರೆ ಒಳಗೆ ಸಣ್ಣ ಸದ್ದು ಕೇಳುತ್ತದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು "ಒಳಗೆ ಹುಳ ಇದೆ, ಮಗ್ಗುಲು ಬದಲಾಯಿಸ್ತು" ಅಂದಳು. ನಾನು ತಿದ್ದಲಿಲ್ಲ. ಹೆಚ್ಚುಕಡಿಮೆ ಸರಿಯೇ ಇದೆ.

ಆದರೆ ಇದರಿಂದ ಒಂದು ಕೊರತೆಯೂ ಆಯಿತು. ಅಯಸ್ಕಾಂತ ನೂಕುತ್ತದೆ ಅನ್ನುವುದು ಈ ಆಟದಲ್ಲಿ ಮಕ್ಕಳಿಗೆ ಸಿಗುವುದೇ ಇಲ್ಲ. ಅದಕ್ಕೆ ಹಳೆಯ ರೇಡಿಯೋ ಸ್ಪೀಕರ್‌ಗಳಿಂದ ಬಿಚ್ಚಿದ ಎರಡು ದೊಡ್ಡ ಬಳೆ ಅಯಸ್ಕಾಂತ ತಂದೆ. ಒಂದು ಕೋಲಿಗೆ ಪೋಣಿಸಿ, ಮೇಲಿನದು ತೇಲುವುದನ್ನು ತೋರಿಸಿದೆ. ಅರ್ಧ ದಿನ ಅದನ್ನು ಒತ್ತುವುದೇ ಆಯಿತು.

ಈಗ ಕಟ್ಟುವ ವಿಷಯಕ್ಕೆ ಬರುತ್ತೇನೆ. ಮೊದಲು ಎಲ್ಲರೂ ನೆಲದ ಮೇಲೆ ಹಾಸುತ್ತಾರೆ. ರಂಗೋಲಿ ಥರ, ರಸ್ತೆ ಥರ. ಮೂರು ವರ್ಷದವರು ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ, ಇರಲಿ ಬಿಡಿ. ಆಮೇಲೆ ಒಂದು ದಿನ ಯಾರೋ ಒಬ್ಬರು ಗೋಡೆ ಎತ್ತುತ್ತಾರೆ. ಅಲ್ಲಿಂದ ಆಟ ಬೇರೆಯಾಗುತ್ತದೆ. ಯಾಕೆಂದರೆ ಎರಡು ಟೈಲ್ಸ್ ಅಂಟಿದ ಜಾಗ ಗಟ್ಟಿ ಬೆಸುಗೆ ಅಲ್ಲ. ಅದು ಬಾಗಿಲ ಕೀಲಿನ ಹಾಗೆ ಆಡುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಚೌಕ ನಿಲ್ಲಿಸಿದರೆ ಗೋಡೆ ಪೂರ್ತಿ ಮಲಗಿಬಿಡುತ್ತದೆ. ಸಾಲನ್ನು ಮೂಲೆಯಲ್ಲಿ ತಿರುಗಿಸಿದರೆ ನಿಲ್ಲುತ್ತದೆ. ಇದನ್ನು ನಾನು ಹೇಳಿಕೊಡಲಿಲ್ಲ. ಐದು ವರ್ಷದ ಒಬ್ಬ ಹುಡುಗ, ಮಾತು ಕಡಿಮೆ, ಎರಡು ದಿನ ಗೋಡೆ ಬೀಳಿಸಿಕೊಂಡ. ಮೂರನೇ ದಿನ ಮೂಲೆ ಮಾಡಿ, ಕೈ ತೆಗೆದು, ಉಸಿರು ಬಿಗಿಹಿಡಿದು ಕೂತ. ನಿಂತಿತು. "ಇದಕ್ಕೆ ಅದು ಜೊತೆ" ಅಂದ. ಮನೆ ಕಟ್ಟುವ ಮೇಸ್ತ್ರಿಯೂ ಮೂಲೆಯಿಂದಲೇ ಶುರು ಮಾಡುತ್ತಾನೆ, ಅಲ್ವಾ?

ಗೋಡೆ ಆದ ಮೇಲೆ ಸೂರು. ಒಂದು ಚೌಕದ ಅಗಲದ ಮನೆಗೆ ಸೂರು ಸುಲಭ. ಎರಡು ಚೌಕ ಉದ್ದ, ಎರಡು ಚೌಕ ಅಗಲದ ಮನೆ ಮಾಡಿದರೆ ನಡುವಿನ ಕೀಲು ಕುಸಿಯುತ್ತದೆ. ಒಳಗೆ ಕಂಬ ಕೊಡಬೇಕು. ಅಲ್ಲಿಗೆ ನಮ್ಮವರು ಚನ್ನಪಟ್ಟಣದ ಮರದ ಗೊಂಬೆ ತಂದು ನಿಲ್ಲಿಸಿದರು. ಎತ್ತರ ಸಾಲಲಿಲ್ಲ. ಗೊಂಬೆ ಕೆಳಗೆ ಪುಸ್ತಕ ಇಟ್ಟರು. ಆಗ ಎತ್ತರ ಹೆಚ್ಚಾಗಿ ಸೂರು ಎದ್ದುಕೊಂಡಿತು. ಹೀಗೆ ಅರ್ಧ ಗಂಟೆ. "ಸ್ವಲ್ಪ ಜಾಸ್ತಿ, ಸ್ವಲ್ಪ ಕಮ್ಮಿ" ಅನ್ನುವ ಮಾತು ಆವತ್ತು ಕೇಳಿದಷ್ಟು ನಾನು ಯಾವತ್ತೂ ಕೇಳಿಲ್ಲ. ಅಳತೆಯ ಪಾಠ ಅಂತ ಬೇರೆ ಮಾಡುವ ಅಗತ್ಯವೇ ಬರಲಿಲ್ಲ.

ತ್ರಿಕೋನಗಳದ್ದು ಇನ್ನೊಂದು ಕಥೆ. ಮೂರೂ ಬದಿ ಸಮ ಇರುವ ತ್ರಿಕೋನ ತಗೊಳ್ಳಿ. ಮೂರನ್ನು ಒಂದು ತುದಿಗೆ ಸೇರಿಸಿದರೆ ಚೂಪು ಟೋಪಿ. ನಾಲ್ಕು ಸೇರಿಸಿದರೆ ಗುಡಾರ, ಅದು ಚೌಕದ ಮೇಲೆ ಸರಿಯಾಗಿ ಕೂರುತ್ತದೆ. ಐದು ಹಾಕಿದರೆ ಛತ್ರಿ. ಆರು ಹಾಕಿದರೆ? ಚಪ್ಪಟೆ! "ಆರು ಹಾಕಿದ್ರೆ ಚಪಾತಿ" ಅಂತ ಒಬ್ಬಳು ಕಂಡುಹಿಡಿದಳು. ಆರು ಹಾಕಿಯೂ ಛತ್ರಿ ಮಾಡಲೇಬೇಕು ಅಂತ ಹಟ ಹಿಡಿದು ಒತ್ತಿ ಒತ್ತಿ ನೋಡಿದಳು. ಒಂದೊಂದು ಮೂಲೆ 60 ಡಿಗ್ರಿ, ಆರು ಸೇರಿದರೆ 360, ಪೂರ್ತಿ ಸುತ್ತು ಮುಗಿದುಹೋಯಿತು, ಮೇಲೇಳಲು ಜಾಗವೇ ಇಲ್ಲ. ಇದನ್ನು ಅವಳಿಗೆ ಹೇಳಲಿಲ್ಲ, ಅವಳ ಅಪ್ಪನಿಗೆ ಹೇಳಿದೆ. ಅವರು ಎಂಜಿನಿಯರ್. "ನಾನು ಇದನ್ನ ಹೈಸ್ಕೂಲ್‌ನಲ್ಲಿ ಬರೀ ಬಾಯಿಪಾಠ ಮಾಡಿದ್ದೆ ಮೇಡಂ" ಅಂದರು. ಇಪ್ಪತ್ತು ತ್ರಿಕೋನ ಸೇರಿದರೆ ಪೂರ್ತಿ ಚೆಂಡು ಆಗುತ್ತದೆ, ಎಲ್ಲ ತುದಿಯಲ್ಲೂ ಐದೈದು. ಅದನ್ನು ಕಟ್ಟಲು ನನ್ನ ಕೈಯೂ ಸೇರಿ ನಾಲ್ಕು ಜೊತೆ ಕೈ ಬೇಕಾಯಿತು.

ಇನ್ನೊಂದು ಆಟ ದೊಡ್ಡ ಮಕ್ಕಳಿಗೆ ತುಂಬಾ ಹಿಡಿಸಿತು. ಆರು ಚೌಕವನ್ನು ನೆಲದ ಮೇಲೆ ಕೂಡಿಸು ಚಿಹ್ನೆಯ ಥರ ಹಾಸಿ, ಒಂದು ಬದಿಯನ್ನು ಉದ್ದ ಬಿಟ್ಟು, ಮಡಚಿದರೆ ಡಬ್ಬ ಆಗುತ್ತದೆ. ಹೀಗೆ ಮಡಚಿ ಡಬ್ಬ ಮಾಡಬಹುದಾದ ಹಾಸುಗಳು ಒಟ್ಟು 11 ಇವೆ. ನಮ್ಮವರು ಇದುವರೆಗೆ ಐದು ಹುಡುಕಿದ್ದಾರೆ. ಸಿಕ್ಕಿದ್ದನ್ನು ಗೋಡೆಯ ಹಾಳೆಯ ಮೇಲೆ ಬರೆದಿಡುತ್ತೇವೆ.

ಈಗ ಕೆಟ್ಟ ದಿನದ ಮಾತು. ಮೊದಲ ಸೆಟ್ ನಾನು ಅಗ್ಗಕ್ಕೆ ಸಿಕ್ಕಿತು ಅಂತ ಆನ್‌ಲೈನ್‌ನಲ್ಲಿ ತರಿಸಿದ್ದೆ. ಐಎಸ್‌ಐ ಗುರುತು ಇದೆಯೋ ಇಲ್ಲವೋ ನೋಡಿರಲಿಲ್ಲ. ಎರಡು ತಿಂಗಳು ಆಗಿತ್ತು. ಒಂದು ಮಧ್ಯಾಹ್ನ ಕಸ ಗುಡಿಸುವಾಗ ಕಬ್ಬಿಣದ ಕುರ್ಚಿಯ ಕಾಲಿಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪದ ಬೂದು ತುಂಡು ಅಂಟಿತ್ತು. ಎದೆ ಧಸಕ್ ಅಂತು. ಹುಡುಕಿದರೆ ಒಂದು ಚೌಕ ಅಂಚಿನಲ್ಲಿ ಬಿರಿದಿತ್ತು. ಆ ಸೆಟ್‌ನಲ್ಲಿ ಬದಿಗೆ ಎರಡರಂತೆ ಚೌಕಕ್ಕೆ ಎಂಟು ಅಯಸ್ಕಾಂತ. ಚೌಕದೊಳಗೆ ಐದು ಉಳಿದಿದ್ದವು. ಕುರ್ಚಿ ಕಾಲಿನಲ್ಲಿ ಒಂದು. ಕಿಟಕಿ ಸರಳಿನಲ್ಲಿ ಇನ್ನೊಂದು ಸಿಕ್ಕಿತು. ಏಳಾಯಿತು. ಎಂಟನೆಯದು?

ಭಯ ಯಾಕೆ ಅಂದರೆ, ಮಗು ಒಂದು ಅಯಸ್ಕಾಂತ ನುಂಗಿದರೆ ಅದು ಮಲದಲ್ಲಿ ಹೊರಗೆ ಹೋದರೂ ಹೋಗಬಹುದು. ಎರಡು ನುಂಗಿದರೆ, ಅಥವಾ ಒಂದರ ಜೊತೆ ಕಬ್ಬಿಣದ ಚೂರು ಹೊಟ್ಟೆಗೆ ಹೋದರೆ, ಕರುಳಿನ ಎರಡು ಮಡಿಕೆಯ ಆಚೆ ಈಚೆ ನಿಂತು ಒಂದನ್ನೊಂದು ಸೆಳೆದು ಹಿಡಿಯುತ್ತವೆ. ನಡುವೆ ಸಿಕ್ಕಿದ ಕರುಳಿಗೆ ರಕ್ತ ಹೋಗುವುದಿಲ್ಲ. ತೂತು ಬೀಳುತ್ತದೆ. ಮೊದಮೊದಲು ಬರೀ ಹೊಟ್ಟೆನೋವು, ವಾಂತಿ ಅಷ್ಟೇ ಕಾಣಿಸಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ನಾಳೆ ನೋಡೋಣ ಅಂತ ಕೂರಬಾರದು. ಆಗಲೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಬೇಕು.

ಹನ್ನೆರಡು ಮನೆಗೂ ಫೋನ್ ಮಾಡಿದೆ. ನಾಚಿಕೆ ಆಯಿತು, ಆದರೂ ಮಾಡಿದೆ. ಒಂದೂಕಾಲು ಗಂಟೆ ಆದ ಮೇಲೆ ನಮ್ಮ ಕತ್ತರಿ ಡಬ್ಬದಲ್ಲಿ, ಕತ್ತರಿಯ ಬಾಯಿಗೇ ಅಂಟಿಕೊಂಡು ಎಂಟನೆಯದು ಸಿಕ್ಕಿತು. ಮತ್ತೆ ಹನ್ನೆರಡು ಫೋನ್. ಒಬ್ಬ ತಾಯಿ ಚೆನ್ನಾಗಿ ಬೈದರು. ಬೈಯಬೇಕಾದದ್ದೇ. ಆ ಸೆಟ್ ಪೂರ್ತಿ ಎಸೆದೆ.

ಆಮೇಲೆ ತಿಳಿದುಕೊಂಡೆ. 2021ರ ಜನವರಿಯಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಬ್ಯಾಟರಿ, ಕರೆಂಟ್ ಇಲ್ಲದ ಆಟಿಕೆಗೆ ಐಎಸ್ 9873 ಅನ್ನುವ ಮಾನದಂಡ. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಎರಡನೇ ಸೆಟ್ ಹಾಗೆ ನೋಡಿಯೇ ತಂದೆ. ಮೂಲೆಗಳಲ್ಲಿ ಲೋಹದ ರಿವೆಟ್ ಇದೆಯಾ, ಎರಡು ಹೋಳು ಸೇರುವ ಅಂಚಿನಲ್ಲಿ ಉಗುರು ತೂರುತ್ತದಾ ಅಂತಲೂ ನೋಡಿದೆ. ಈಗ ಪ್ರತಿ ಶನಿವಾರ ಒಂದೊಂದು ಟೈಲ್ಸನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡುತ್ತೇನೆ. ಬಿರುಕು ಕಂಡರೆ ಕಸಕ್ಕೆ. ಫೆವಿಕ್ವಿಕ್ ಹಾಕಿ ಅಂಟಿಸುವ ಆಸೆ ಬರುತ್ತದೆ, ಹಾಕುವುದಿಲ್ಲ. ತೊಳೆಯಲು ಬಕೆಟ್‌ನಲ್ಲಿ ನೆನೆಸುವುದೂ ಇಲ್ಲ. ನೀರು ಒಳಗೆ ಇಳಿದರೆ ಅಯಸ್ಕಾಂತ ತುಕ್ಕು ಹಿಡಿಯಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ಆಯಿತು.

ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. 60 ತುಂಡು ಇಬ್ಬರು ಮಕ್ಕಳಿಗೆ ಸರಿ. ನಾಲ್ವರನ್ನು ಕೂರಿಸಿದರೆ ಜಗಳ ಗ್ಯಾರಂಟಿ, ಅದೂ ಚೌಕಕ್ಕೇ. ನಮ್ಮಲ್ಲಿ ಈಗ 100 ಇವೆ. ಒಂದು ಸಲಕ್ಕೆ ಮೂವರು. ಉಳಿದವರು ಮಣ್ಣು, ಮರದ ತುಂಡು, ಅಡುಗೆ ಆಟ.

ಮರದ ತುಂಡನ್ನು ನಾನು ಬೇಕಂತಲೇ ಉಳಿಸಿಕೊಂಡಿದ್ದೇನೆ. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್ ಎಂಟು ಪುಟ್ಟ ಘನ ಸೇರಿ ಒಂದು ದೊಡ್ಡ ಘನ ಆಗುವ ಮರದ ಆಟಿಕೆ ಮಾಡಿದ್ದ. ತರಬೇತಿಯಲ್ಲಿ ಓದಿದ್ದು ನೆನಪಿತ್ತು. ನಮ್ಮ ಬೀದಿಯ ಬಡಗಿ ಹತ್ತಿರ ಅದೇ ಥರ ಕೊಯ್ಸಿ, ಉಜ್ಜು ಕಾಗದ ಹಾಕಿಸಿ ತಂದೆ. ಯಾಕೆ ಅಂದರೆ ಅಯಸ್ಕಾಂತ ಮಕ್ಕಳ ತಪ್ಪನ್ನು ಮುಚ್ಚಿಹಾಕುತ್ತದೆ. ಕೈ ಸ್ವಲ್ಪ ಅಲ್ಲಾಡಿದರೂ ತಾನೇ ಎಳೆದುಕೊಂಡು ಸರಿಯಾಗಿ ಕೂರುತ್ತದೆ. ಬೆರಳಲ್ಲಿ ಶಕ್ತಿ ಕಡಿಮೆ ಇರುವ ಮಗುವಿಗೆ ಇದು ದೊಡ್ಡ ಉಪಕಾರ. ಆದರೆ ಟೈಲ್ಸ್‌ನಲ್ಲಿ ಸೊಂಟದೆತ್ತರ ಕಟ್ಟುವವರು ಮರದ ಐದು ತುಂಡು ಪೇರಿಸಲು ಒದ್ದಾಡುವುದನ್ನು ನಾನು ನೋಡಿದ್ದೇನೆ. ಮರ ಯಾರನ್ನೂ ಕ್ಷಮಿಸಲ್ಲ. ಎರಡೂ ಬೇಕು.

ಟೈಲ್ಸ್ ಹಿಡಿದು ಅಡುಗೆಮನೆಗೂ ಹೋದೆವು. ದೋಸೆ ಹೆಂಚಿಗೆ ಟಕ್. ಹಿತ್ತಾಳೆ ಚೊಂಬಿಗೆ ಇಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಇಲ್ಲ. ಸ್ಟೀಲ್ ಲೋಟಕ್ಕೂ ಇಲ್ಲ, ಒಂದೆರಡು ಲೋಟದ ಬಾಯಂಚಿಗೆ ಮಾತ್ರ ಚೂರು ಹಿಡಿಯಿತು. ಇಂಡಕ್ಷನ್ ಪಾತ್ರೆಯ ತಳಕ್ಕೆ ಗಟ್ಟಿಯಾಗಿ ಟಕ್. ಮನೆಯಲ್ಲೂ ಹುಡುಕಿ ಬನ್ನಿ ಅಂತ ಒಂದೊಂದು ಟೈಲ್ಸ್ ಕೊಟ್ಟು ಕಳಿಸಿದೆ. ಮಾರನೇ ದಿನ ಒಬ್ಬ ಅಜ್ಜಿ ಬಂದರು. "ನಮ್ಮ ಸ್ಟೀಲ್ ತಟ್ಟೆ ಎಲ್ಲ ಅಂಟ್ತಲ್ಲಮ್ಮ, ಅಂಗಡಿಯವನು ಡೂಪ್ಲಿಕೇಟ್ ಕೊಟ್ಟನಾ?" ಅಂತ ಬೇಜಾರಿನಲ್ಲಿದ್ದರು. ಅಜ್ಜಿ, ಹಾಗೇನಿಲ್ಲ, ನಿಕ್ಕಲ್ ಚೆನ್ನಾಗಿ ಬೆರೆಸಿದ ಸ್ಟೀಲ್ ಅಂಟಲ್ಲ, ನಿಕ್ಕಲ್ ಇಲ್ಲದ ಸ್ಟೀಲೂ ಇರುತ್ತೆ, ಅದು ಅಂಟುತ್ತೆ, ಅದೂ ಸ್ಟೀಲೇ ಅಂದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ದಸರಾ ರಜೆಗೆ ಮುಂಚಿನ ವಾರ ಮಕ್ಕಳು ಅರಮನೆ ಕಟ್ಟಿದರು. ಮೈಸೂರಿನ ಮಕ್ಕಳು, ಬೇರೇನು ಕಟ್ಟುತ್ತಾರೆ? ಕಟ್ಟಿ ಮುಗಿದ ಮೇಲೆ "ಲೈಟ್ ಹಾಕಿ ಮಿಸ್" ಅಂದರು. ಪರದೆ ಎಳೆದು, ಮೊಬೈಲ್ ಟಾರ್ಚ್ ಹಚ್ಚಿ ಒಳಗೆ ಇಟ್ಟೆ. ಸೂರಿನ ತುಂಬ ಕೆಂಪು, ಹಳದಿ, ನೀಲಿ. ಒಬ್ಬ ಹಳದಿ ಟೈಲ್ಸ್ ಮೇಲೆ ನೀಲಿ ಇಟ್ಟು ನೋಡಿದ, ಹಸಿರಾಯಿತು. ಆಮೇಲೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಟಾರ್ಚ್ ಮೇಲಿಟ್ಟ. ಕತ್ತಲೆ. "ಎಲ್ಲ ಬಣ್ಣ ಸೇರಿದ್ರೆ ಕರೆಂಟ್ ಹೋಗುತ್ತೆ" ಅಂದ. ಆ ದಿನ ಮನೆಗೆ ಕಳಿಸುವುದು ಇಪ್ಪತ್ತು ನಿಮಿಷ ತಡವಾಯಿತು.

ಹೀಗೆ ಆಡಿಸಿದರೆ ಎಬಿಸಿಡಿ ಯಾವಾಗ ಅಂತ ಕೇಳುವ ತಂದೆತಾಯಿ ಈಗಲೂ ಇದ್ದಾರೆ. ಮೊದಲು ವಾದ ಮಾಡುತ್ತಿದ್ದೆ. 2020ರ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗೆ ಆಟದ ಮೂಲಕ ಕಲಿಕೆ ಅನ್ನುತ್ತದೆ ಅಂತ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಬಂದು ಅರ್ಧ ಗಂಟೆ ನೆಲದ ಮೇಲೆ ಕೂತುಕೊಳ್ಳಿ ಅನ್ನುತ್ತೇನೆ. ಅಪ್ಪಂದಿರು ಎದ್ದು ಹೋಗುವುದೇ ಇಲ್ಲ, ಅದೊಂದು ತೊಂದರೆ.

ಮುಂದಿನ ತಿಂಗಳು ಇನ್ನು 20 ಚೌಕ ತರಬೇಕು, ಬರೀ ಚೌಕ. ಸೆಟ್ ಜೊತೆ ಬಂದ ಉದ್ದನೆಯ ತ್ರಿಕೋನಗಳು ಮಂಕರಿಯ ತಳದಲ್ಲೇ ಇರುತ್ತವೆ. ಗೋಪುರದ ತುದಿಗೆ ಒಮ್ಮೊಮ್ಮೆ ಬೇಕಾಗುತ್ತವೆ. ಉಳಿದಂತೆ ಅವು ಕೋನ್ ಐಸ್‌ಕ್ರೀಂ. ದಿನಕ್ಕೆ ಕಡಿಮೆಯೆಂದರೂ ನಾಲ್ಕು ನಾನು ತಿನ್ನಬೇಕು.