ಕಾಸರಗೋಡಿನ ರಸ್ತೆ ಧೂಳಿನಲ್ಲಿ ಭಾರಲೋಹ ಹುಡುಕಿದ ಬಗೆ

ಸೀಸ, ತಾಮ್ರ, ಸತು, ಕ್ರೋಮಿಯಂನಂಥ ಭಾರಲೋಹಗಳನ್ನು ಅಳೆಯಲು ನಮ್ಮಲ್ಲಿ ರಸ್ತೆ ಧೂಳಿನ ಮಾದರಿ ತೆಗೆಯುವುದಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸೂಕ್ತ, ಏಕೆಂದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರಸ್ತೆಯಂಚಿನ ಧೂಳೆಲ್ಲ ಚರಂಡಿಗಳ ಮೂಲಕ ಚಂದ್ರಗಿರಿ ಹೊಳೆಯ ಕಡೆಗೆ ಹರಿದುಹೋಗುತ್ತದೆ. ಕಾಸರಗೋಡು ಹಳೆ ಬಸ್ ನಿಲ್ದಾಣದ ಸುತ್ತಮುತ್ತ, ವಿದ್ಯಾನಗರದ ಬಳಿ ವಾಹನಗಳು ಬ್ರೇಕ್ ಹಿಡಿಯುವ ಜಾಗಗಳಲ್ಲಿ ಮತ್ತು ನಮ್ಮ ಶಾಲೆಯ ಗೇಟಿನೆದುರು ನಾನು ಧೂಳು ಸಂಗ್ರಹಿಸಿದೆ. ಗುಡಿಸಿದ್ದು ಪ್ಲಾಸ್ಟಿಕ್ ಬ್ರಷ್ಷಿನಿಂದ, ಜರಡಿ ಹಿಡಿದದ್ದು ನೈಲಾನ್ ಬಲೆಯಲ್ಲಿ. ಹಿತ್ತಾಳೆಯ ಜರಡಿ ಸುಲಭವಾಗಿ ಸಿಗುತ್ತದೆಯಾದರೂ ಅದರಲ್ಲಿರುವುದು ತಾಮ್ರ ಮತ್ತು ಸತು, ಅಂದರೆ ನಾವು ಅಳೆಯಹೊರಟ ಲೋಹಗಳೇ. 63 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳನ್ನಷ್ಟೇ ಉಳಿಸಿಕೊಂಡೆ. ಲೋಹಗಳು ಹೆಚ್ಚಾಗಿ ಅಂಟಿಕೊಂಡಿರುವುದು, ಗಾಳಿಗೆ ಏಳುವುದು, ಕೈಗೆ ಮೆತ್ತಿಕೊಳ್ಳುವುದು ಆ ನುಣುಪು ಧೂಳೇ.

ಆಮ್ಲದಲ್ಲಿ ಕರಗಿಸಿ ಅಳೆಯುವ ಕೆಲಸವನ್ನು ಪ್ರಯೋಗಾಲಯವೊಂದು ಮಾಡಿಕೊಟ್ಟಿತು. ಬಂದ ಅಂಕಿಗಳನ್ನು ಓದುವುದೇ ನಿಜವಾದ ಕೆಲಸ. ಕಾಸರಗೋಡು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲ. ಇಲ್ಲಿನ ಮಣ್ಣಿನಲ್ಲಿ ಕಬ್ಬಿಣ ಸಹಜವಾಗಿಯೇ ಹೇರಳ, ಕ್ರೋಮಿಯಂ ಕೂಡ ಹೆಚ್ಚಿರಬಹುದು. ಭೂಪದರದ ಜಾಗತಿಕ ಸರಾಸರಿಯೊಂದಿಗೆ ಹೋಲಿಸಿದ್ದರೆ ಕ್ರೋಮಿಯಂನ ತಪ್ಪೆಲ್ಲ ವಾಹನಗಳ ಮೇಲೆ ಬರುತ್ತಿತ್ತು. ಹಾಗಾಗಿ ರಸ್ತೆಯಿಂದ ದೂರದ ಗುಡ್ಡೆಯ ಮಣ್ಣನ್ನೂ ಅದೇ ಜರಡಿಯಲ್ಲಿ ಸೋಸಿ ಕಳಿಸಿದ್ದೆ. ಕ್ರೋಮಿಯಂ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಸತು ಮತ್ತು ತಾಮ್ರ ಮಾತ್ರ ರಸ್ತೆಯ ಧೂಳಿನಲ್ಲಿ, ಅದರಲ್ಲೂ ಬ್ರೇಕ್ ಹಿಡಿಯುವಲ್ಲಿ, ಸ್ಪಷ್ಟವಾಗಿ ಏರಿದ್ದವು. ಟಯರಿನ ರಬ್ಬರನ್ನು ಗಟ್ಟಿಗೊಳಿಸಲು ಸತುವಿನ ಆಕ್ಸೈಡ್ ಬೆರೆಸುತ್ತಾರೆ. ತಾಮ್ರ ಮುಖ್ಯವಾಗಿ ಬ್ರೇಕ್ ಪ್ಯಾಡ್ ಸವೆದು ಬರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಶಾಲೆಯ ಗೇಟಿನೆದುರಿನ ಸೀಸ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟ 2000ರಲ್ಲೇ ನಿಂತಿತು, ಆದರೆ ಸೀಸ ಕೊಳೆತು ಇಲ್ಲವಾಗುವ ವಸ್ತುವಲ್ಲ. ಹಳೆಯ ಮಣ್ಣನ್ನು ಅಗೆದಾಗ ಅದು ಮತ್ತೆ ಮೇಲೆ ಬರುತ್ತದೆ. ಹಳದಿ ಬಣ್ಣಗಳಲ್ಲಿ ಬಳಸುವ ಸೀಸದ ಕ್ರೋಮೇಟ್, ಚಕ್ರಗಳ ಸಮತೋಲನಕ್ಕೆ ಸಿಕ್ಕಿಸುವ ಸೀಸದ ತುಂಡುಗಳು ಇನ್ನೆರಡು ಮೂಲಗಳು. ಆಮ್ಲ ಕರಗಿಸಿದಷ್ಟನ್ನೆಲ್ಲ ದೇಹ ಹೀರಿಕೊಳ್ಳುವುದಿಲ್ಲ ಎಂಬುದು ನಿಜ. ಆದರೂ ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮತ್ತು ಸಣ್ಣ ಮಕ್ಕಳು ಧೂಳನ್ನು ಉಸಿರಾಡುವುದಕ್ಕಿಂತ ಹೆಚ್ಚಾಗಿ ಕೈಯಿಂದ ಬಾಯಿಗೆ ಸೇರಿಸಿಕೊಳ್ಳುತ್ತಾರೆ.

ಅಂದಿನಿಂದ ನಮ್ಮ ಶಾಲೆಯ ಜಗಲಿಯನ್ನು ಹಿಡಿಸೂಡಿಯಲ್ಲಿ ಒಣಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ; ಮಧ್ಯಾಹ್ನದ ಊಟಕ್ಕೆ ಮೊದಲು ಪ್ರತಿಯೊಂದು ಮಗುವೂ ಸೋಪು ಹಚ್ಚಿ ಕೈ ತೊಳೆಯುವವರೆಗೆ ಬಡಿಸುವುದಿಲ್ಲ.